ಗ್ಯಾಸ್ ರಿಕ್ಷಾವೋ, ಕರೆಂಟ್ ರಿಕ್ಷಾವೋ: ದಿನದ ಓಟವೇ ತೀರ್ಪುಗಾರ

ಉಡುಪಿ ಜಿಲ್ಲೆಯಲ್ಲಿ ಹೊಸ ರಿಕ್ಷಾ ತೆಗೆಯಲು ಹೊರಟವರಿಗೆ ಇಂದು ಪೆಟ್ರೋಲ್ ಮೊದಲ ಆಯ್ಕೆಯಾಗಿ ಉಳಿದಿಲ್ಲ. ನಿಜವಾದ ಸ್ಪರ್ಧೆ ಸಿಎನ್‌ಜಿಗೂ ಬ್ಯಾಟರಿಗೂ ನಡುವೆ. ಸ್ಟ್ಯಾಂಡಿನ ಮಾತಿನಲ್ಲಿ ಹೇಳುವುದಾದರೆ ಗ್ಯಾಸ್ ರಿಕ್ಷಾ, ಕರೆಂಟ್ ರಿಕ್ಷಾ. ಶೋರೂಮಿನಲ್ಲಿ ಈ ಚರ್ಚೆ ಕಿಲೋಮೀಟರಿಗೆ ಎಷ್ಟು ಖರ್ಚು ಎಂಬಲ್ಲಿಗೇ ಮುಗಿದುಬಿಡುತ್ತದೆ. ಅಲ್ಲಿ ಬ್ಯಾಟರಿ ಸುಲಭವಾಗಿ ಗೆಲ್ಲುತ್ತದೆ. ಸ್ಟ್ಯಾಂಡಿನಲ್ಲಿ ಅದೇ ಚರ್ಚೆ ಬ್ಯಾಟರಿ ಹೋದರೆ ಯಾರು ಗತಿ ಎಂಬ ಪ್ರಶ್ನೆಗೆ ಬಂದು ನಿಲ್ಲುತ್ತದೆ. ಅಲ್ಲಿ ಗ್ಯಾಸ್ ಗೆಲ್ಲುತ್ತದೆ. ಎರಡೂ ಕಡೆ ಇಂಧನದ ಮಾತಿದೆ, ದುಡಿಮೆಯ ಮಾತಿಲ್ಲ. ಒಂದು ರಿಕ್ಷಾ ದಿನಕ್ಕೆ ಎಷ್ಟು ಕಿಲೋಮೀಟರ್ ಓಡುತ್ತದೆ, ಒಂದೊಂದು ಬಾಡಿಗೆ ಎಷ್ಟು ಉದ್ದದ್ದು, ರಾತ್ರಿ ವಾಹನ ಎಲ್ಲಿ ನಿಲ್ಲುತ್ತದೆ ಎಂಬ ಮೂರು ಸಂಗತಿಗಳೇ ಆಯ್ಕೆಯನ್ನು ತೀರ್ಮಾನಿಸಬೇಕು ಎಂಬುದು ನನ್ನ ವಾದ. ಈ ಅಳತೆಯಿಂದ ನೋಡಿದರೆ ಇಡೀ ಜಿಲ್ಲೆಗೆ ಒಂದೇ ಉತ್ತರ ಸಿಗುವುದಿಲ್ಲ. ಉಡುಪಿ ಮತ್ತು ಮಣಿಪಾಲದ ಉತ್ತರ ಒಂದು, ಕಾರ್ಕಳದ್ದು ಇನ್ನೊಂದು, ಕಾಪು ಇವೆರಡರ ನಡುವೆ ನಿಲ್ಲುತ್ತದೆ.

ಮೊದಲು ಹಣದ ಲೆಕ್ಕವನ್ನೇ ಬಿಡಿಸಿ ನೋಡೋಣ. ನಮ್ಮ ರಸ್ತೆಗಳಲ್ಲಿ ಮೂವರು ಪ್ರಯಾಣಿಕರನ್ನು ಕೂರಿಸಿಕೊಂಡು ಓಡುವ ಸಿಎನ್‌ಜಿ ರಿಕ್ಷಾ ಒಂದು ಕೆ.ಜಿ. ಗ್ಯಾಸಿಗೆ 30 ಕಿ.ಮೀ. ಕೊಡುತ್ತದೆ ಎಂದಿಟ್ಟುಕೊಳ್ಳೋಣ. ಕೆ.ಜಿ.ಗೆ 90 ರೂಪಾಯಿ ಎಂದು ಹಿಡಿದರೆ ಕಿಲೋಮೀಟರಿಗೆ 3 ರೂಪಾಯಿ ಆಯಿತು. ಲಿಥಿಯಂ ಬ್ಯಾಟರಿಯ ರಿಕ್ಷಾ ಒಂದು ಕಿಲೋಮೀಟರಿಗೆ ಸುಮಾರು 0.08 ಯೂನಿಟ್ ವಿದ್ಯುತ್ ತಿನ್ನುತ್ತದೆ. ಚಾರ್ಜ್ ಮಾಡುವಾಗ ಬಿಸಿಯಾಗಿ ಪೋಲಾಗುವುದನ್ನೂ ಸೇರಿಸಿದರೆ ಗೋಡೆಯ ಪ್ಲಗ್ಗಿನಿಂದ ಎಳೆಯುವುದು 0.09 ಯೂನಿಟ್. ತೆರಿಗೆ, ಸರ್‌ಚಾರ್ಜ್ ಎಲ್ಲ ಸೇರಿ ಯೂನಿಟ್ಟಿಗೆ 7 ರೂಪಾಯಿ ಎಂದರೂ ಕಿಲೋಮೀಟರಿಗೆ 63 ಪೈಸೆ. ಇಷ್ಟು ದೊಡ್ಡ ಅಂತರಕ್ಕೆ ಕಾರಣ ಬೆಲೆಯೊಂದೇ ಅಲ್ಲ, ಯಂತ್ರದ ಸ್ವಭಾವವೂ ಹೌದು. ಗ್ಯಾಸನ್ನು ಸುಡುವ ಚಿಕ್ಕ ಎಂಜಿನ್ ಇಂಧನದ ಶಕ್ತಿಯಲ್ಲಿ ಕಾಲು ಭಾಗವನ್ನೂ ಚಕ್ರಕ್ಕೆ ಮುಟ್ಟಿಸುವುದು ಕಷ್ಟ, ಉಳಿದದ್ದು ಶಾಖವಾಗಿ ಹೋಗುತ್ತದೆ. ವಿದ್ಯುತ್ ಮೋಟಾರ್ ತನಗೆ ಸಿಕ್ಕಿದ್ದರಲ್ಲಿ ಹೆಚ್ಚಿನ ಪಾಲನ್ನು ಓಟವಾಗಿಯೇ ಕೊಡುತ್ತದೆ. ಎಂಜಿನ್ ಆಯಿಲ್, ಕ್ಲಚ್ ಪ್ಲೇಟ್, ಸ್ಪಾರ್ಕ್ ಪ್ಲಗ್‌ಗಳ ಖರ್ಚೂ ಅದಕ್ಕಿಲ್ಲ. ಆದ್ದರಿಂದ ಕಿಲೋಮೀಟರಿಗೆ 2 ರೂಪಾಯಿ 30 ಪೈಸೆ ಉಳಿತಾಯ ಎಂದರೆ ಅದು ಜಾಗರೂಕತೆಯ ಲೆಕ್ಕವೇ.

ಆದರೆ ಉಳಿತಾಯ ಕೈಗೆ ಬರುವುದು ಓಡಿದಾಗ ಮಾತ್ರ. ಕರೆಂಟ್ ರಿಕ್ಷಾದಲ್ಲಿ ಮುಂದಿನ ವರ್ಷಗಳ ಇಂಧನದ ಒಂದು ಭಾಗವನ್ನು ಮೊದಲ ದಿನವೇ ಬ್ಯಾಟರಿಯ ರೂಪದಲ್ಲಿ ಕೊಂಡಂತಾಗುತ್ತದೆ. ಎರಡರ ಬೆಲೆಯಲ್ಲಿ ಒಂದು ಲಕ್ಷ ರೂಪಾಯಿ ವ್ಯತ್ಯಾಸ ಇದೆ ಎಂದುಕೊಳ್ಳಿ. ದಿನಕ್ಕೆ 80 ಕಿ.ಮೀ.ಯಂತೆ ತಿಂಗಳಿಗೆ 26 ದಿನ ದುಡಿಯುವವರಿಗೆ ತಿಂಗಳಿಗೆ 4,800 ರೂಪಾಯಿಯಷ್ಟು ಉಳಿದು, 21 ತಿಂಗಳಲ್ಲಿ ಹೆಚ್ಚುವರಿ ಹಣ ಮರಳುತ್ತದೆ. ದಿನಕ್ಕೆ 40 ಕಿ.ಮೀ. ಮಾತ್ರ ಓಡುವವರಿಗೆ ಅದೇ ಹಣ ಮರಳಲು 42 ತಿಂಗಳು ಬೇಕು. ಬ್ಯಾಟರಿಯ ವಾರಂಟಿ ಸಾಮಾನ್ಯವಾಗಿ 3ರಿಂದ 5 ವರ್ಷದೊಳಗೆ ಮುಗಿಯುವುದರಿಂದ ಈ ಎರಡನೆಯವರಿಗೆ ಲಾಭ ಕಾಣಿಸುವ ಹೊತ್ತಿಗೆ ಆತಂಕವೂ ಶುರುವಾಗಿರುತ್ತದೆ. ಇಲ್ಲಿ ನಮ್ಮ ರಾಜ್ಯದ್ದೇ ಆದ ಇನ್ನೊಂದು ಸಂಗತಿಯನ್ನು ಸೇರಿಸಬೇಕು. ಮನೆಗಳಿಗೆ ಉಚಿತ ವಿದ್ಯುತ್ ಕೊಡಲು 2023ರಲ್ಲಿ ಜಾರಿಯಾದ ಗೃಹಜ್ಯೋತಿ ಯೋಜನೆಯಲ್ಲಿ ತಿಂಗಳ ಬಳಕೆ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ಲನ್ನು ಗ್ರಾಹಕರೇ ಕಟ್ಟಬೇಕು. ದಿನಕ್ಕೆ 80 ಕಿ.ಮೀ. ಓಡುವ ರಿಕ್ಷಾ ಒಂದೇ ತಿಂಗಳಿಗೆ 187 ಯೂನಿಟ್ ಬಳಸುತ್ತದೆ. ಮನೆಯ 80 ಯೂನಿಟ್ ಸೇರಿದರೆ ಮಿತಿ ದಾಟಿತು, ಉಚಿತವಾಗಿದ್ದ ಮನೆಯ ಕರೆಂಟಿಗೂ ಐನೂರು, ಆರುನೂರು ರೂಪಾಯಿ ತೆರಬೇಕಾಯಿತು. ಆಗ 21 ತಿಂಗಳು 24 ತಿಂಗಳಾಗುತ್ತದೆ. ಲಾಭ ಮಾಯವಾಗುವುದಿಲ್ಲ, ಆದರೆ ಶೋರೂಮಿನ ಕಾಗದದಲ್ಲಿ ಈ ಸಾಲು ಇರುವುದಿಲ್ಲ. ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ ವಾಹನ ಚಾರ್ಜಿಂಗ್‌ಗೆಂದೇ ಬೇರೆ ದರದ ವರ್ಗ ಇಟ್ಟಿದೆ. ಅದರಡಿ ಪ್ರತ್ಯೇಕ ಮೀಟರ್ ಸಿಗುತ್ತದೆಯೇ ಎಂದು ವಿದ್ಯುತ್ ಕಂಪನಿ ಮೆಸ್ಕಾಂನ ಉಪವಿಭಾಗದಲ್ಲಿ ವಿಚಾರಿಸಿಕೊಂಡೇ ವಾಹನ ಬುಕ್ ಮಾಡುವುದು ಜಾಣತನ.

ಓಟ ಕಡಿಮೆಯಾದರೆ ಹಣ ಮರಳುವುದಿಲ್ಲ, ಓಟ ಹೆಚ್ಚಾದರೆ ಚಾರ್ಜ್ ಸಾಲುವುದಿಲ್ಲ. 7.4 ಯೂನಿಟ್ ಹಿಡಿಯುವ ಬ್ಯಾಟರಿಯಿಂದ ಮೇಲಿನ ಲೆಕ್ಕದಂತೆ 90 ಕಿ.ಮೀ. ಆಸುಪಾಸು ಸಿಗುತ್ತದೆ. ಕಂಪನಿಗಳು ಹೇಳುವ ದೊಡ್ಡ ಸಂಖ್ಯೆ ಪರೀಕ್ಷೆಯ ಸ್ಥಿತಿಯದ್ದು. ಹೀಗಾಗಿ ಆ ಗಾತ್ರದ ಬ್ಯಾಟರಿಗೆ ದಿನಕ್ಕೆ 60ರಿಂದ 90 ಕಿ.ಮೀ.ಯ ದುಡಿಮೆ ಹೇಳಿ ಮಾಡಿಸಿದಂತಿರುತ್ತದೆ. ಈಗ ಉಡುಪಿಯ ನಕ್ಷೆ ನೋಡಿ. ಇಂದ್ರಾಳಿಯ ರೈಲು ನಿಲ್ದಾಣದಿಂದ ಕೃಷ್ಣ ಮಠದ ರಥಬೀದಿಗೆ, ಸರ್ವಿಸ್ ಬಸ್ ನಿಲ್ದಾಣದಿಂದ ಕಲ್ಸಂಕಕ್ಕೆ, ಮಣಿಪಾಲದ ಟೈಗರ್ ಸರ್ಕಲ್ಲಿನಿಂದ ಆಸ್ಪತ್ರೆಗೆ, ಹಾಸ್ಟೆಲಿಗೆ, ಈಶ್ವರನಗರಕ್ಕೆ, ಪರ್ಕಳಕ್ಕೆ ಹೋಗುವ ಬಾಡಿಗೆಗಳೆಲ್ಲ ಕೆಲವೇ ಕಿಲೋಮೀಟರಿನವು. ಉದ್ದದ ದಾರಿಯನ್ನು ಇಲ್ಲಿ ಸಿಟಿ ಬಸ್ಸು, ಸರ್ವಿಸ್ ಬಸ್ಸುಗಳು ನೋಡಿಕೊಳ್ಳುತ್ತವೆ, ಬಸ್ಸು ಬಿಟ್ಟಲ್ಲಿಂದ ಮನೆ ಬಾಗಿಲಿನವರೆಗಿನ ತುಣುಕು ರಿಕ್ಷಾದ ಪಾಲು. ನಿಲ್ಲು, ಹೊರಡು, ಮತ್ತೆ ನಿಲ್ಲು ಎಂಬ ಈ ಓಟದಲ್ಲಿ ಎಂಜಿನ್ ಅತಿ ಹೆಚ್ಚು ಪೋಲು ಮಾಡುತ್ತದೆ, ಮೋಟಾರ್ ಅತಿ ಕಡಿಮೆ. ಅಮೆರಿಕದ ಗಾಲ್ಫ್ ಮೈದಾನಗಳ ಪುಟ್ಟ ಗಾಡಿಗಳ ಚರಿತ್ರೆಯೂ ಇದನ್ನೇ ಹೇಳುತ್ತದೆ. ಜಾರ್ಜಿಯಾದ ಆಗಸ್ಟಾದಲ್ಲಿ ಇ-ಜಡ್-ಗೋ ಕಂಪನಿ 1954ರಲ್ಲಿ ವಿದ್ಯುತ್ ಗಾಡಿಗಳೊಂದಿಗೆ ಶುರುವಾದಾಗ ಲಿಥಿಯಂ ಬ್ಯಾಟರಿ ಎಂಬುದೇ ಇರಲಿಲ್ಲ. ಸೀಸದ ಭಾರದ ಬ್ಯಾಟರಿಯೇ ಅಲ್ಲಿ ಸಾಕಾಯಿತು, ಏಕೆಂದರೆ ಓಟ ಚಿಕ್ಕದು, ದಾರಿ ಗೊತ್ತಿದ್ದದ್ದು, ರಾತ್ರಿ ಗಾಡಿ ತಪ್ಪದೆ ಶೆಡ್ಡಿಗೆ ಮರಳುತ್ತಿತ್ತು. ಉಡುಪಿ, ಮಣಿಪಾಲದ ಸ್ಟ್ಯಾಂಡಿನ ರಿಕ್ಷಾಕ್ಕೂ ಈ ಮೂರು ಗುಣಗಳಿವೆ.

ಮಣಿಪಾಲ ಗುಡ್ಡದ ಮೇಲಿದೆ, ಏರು ಹತ್ತಿಸಿದರೆ ಬ್ಯಾಟರಿ ಖಾಲಿಯಾಗುತ್ತದೆ ಎಂಬ ಆಕ್ಷೇಪ ಇಲ್ಲಿ ಬಂದೇ ಬರುತ್ತದೆ. ಇದನ್ನು ಲೆಕ್ಕದಿಂದಲೇ ಪರೀಕ್ಷಿಸಬಹುದು. ಚಾಲಕ, ಮೂವರು ಪ್ರಯಾಣಿಕರು ಸೇರಿ ರಿಕ್ಷಾದ ತೂಕ 650 ಕೆ.ಜಿ., ಏರಬೇಕಾದ ಎತ್ತರ 50 ಮೀಟರ್ ಎಂದು ಹಿಡಿಯಿರಿ. ಅಷ್ಟು ಭಾರವನ್ನು ಅಷ್ಟು ಎತ್ತರಕ್ಕೆ ಎತ್ತಲು ಬೇಕಾದ ಶಕ್ತಿ 0.09 ಯೂನಿಟ್. ಮೋಟಾರಿನ ನಷ್ಟ ಸೇರಿಸಿದರೂ 0.1 ಯೂನಿಟ್. ಅಂದರೆ ಸಮತಟ್ಟು ರಸ್ತೆಯಲ್ಲಿ ಒಂದೂಕಾಲು ಕಿಲೋಮೀಟರ್ ಓಡಿದಷ್ಟು. ದಿನಕ್ಕೆ ಹತ್ತು ಸಲ ಏರಿದರೂ ಹೋಗುವುದು 12 ಕಿ.ಮೀ.ಯ ಓಟ, ಇಳಿಯುವಾಗ ಮೋಟಾರೇ ಡೈನಮೋ ಆಗಿ ಅದರಲ್ಲಿ ಸ್ವಲ್ಪವನ್ನು ಬ್ಯಾಟರಿಗೆ ಹಿಂತಿರುಗಿಸುತ್ತದೆ. ಏರಿನಲ್ಲಿ ನಿಂತು ಮತ್ತೆ ಹೊರಡುವುದೂ ಮೋಟಾರಿಗೆ ಕಷ್ಟವಲ್ಲ, ಅದರ ಪೂರ್ಣ ಎಳೆತ ಮೊದಲ ಕ್ಷಣದಲ್ಲೇ ಸಿಗುತ್ತದೆ. ಗುಡ್ಡದ ಭಯಕ್ಕೆ ಒಂದು ಹಿನ್ನೆಲೆಯೂ ಇದೆ. ಗಂಟೆಗೆ 25 ಕಿ.ಮೀ. ವೇಗದ ಮಿತಿಯ, ಸೀಸದ ಬ್ಯಾಟರಿಯ ಇ-ರಿಕ್ಷಾಗಳನ್ನು ಕಂಡವರು ಎಲ್ಲ ಕರೆಂಟ್ ವಾಹನಗಳನ್ನೂ ಅದೇ ಸಾಲಿಗೆ ಸೇರಿಸುತ್ತಾರೆ. ನೋಂದಣಿಯಲ್ಲಿ ಎಲ್5 ವರ್ಗಕ್ಕೆ ಬರುವ, ಲಿಥಿಯಂ ಬ್ಯಾಟರಿಯ ಇ-ಆಟೊ ಬೇರೆಯದೇ ವಾಹನ. ನಮ್ಮ ಏರಿಳಿತದ ನಾಡಿಗೆ ಎರಡನೆಯದನ್ನೇ ಪರಿಗಣಿಸಬೇಕು.

ಕಾರ್ಕಳಕ್ಕೆ ಬಂದರೆ ಲೆಕ್ಕ ತಿರುಗುತ್ತದೆ. ಅಲ್ಲಿ ಕಷ್ಟ ಕೊಡುವುದು ಏರಿಗಿಂತ ಹೆಚ್ಚಾಗಿ ದೂರ. ಪೇಟೆಯೊಳಗೆ ಆನೆಕೆರೆ, ಬಸ್ ನಿಲ್ದಾಣ, ಅತ್ತೂರು ಎಂದು ಸುತ್ತುವ ರಿಕ್ಷಾಕ್ಕೆ ಬ್ಯಾಟರಿ ಸಾಕು. ಆದರೆ ಮಾಳ, ಬಜಗೋಳಿ, ಬೈಲೂರು ಕಡೆಯ ಚದುರಿದ ಮನೆಗಳಿಗೆ ರಿಕ್ಷಾವೇ ಅನೇಕ ಸಲ ಆಂಬುಲೆನ್ಸ್, ರಿಕ್ಷಾವೇ ಸಾಮಾನು ಸಾಗಿಸುವ ಗಾಡಿ. ಮಧ್ಯಾಹ್ನದವರೆಗೆ 40 ಕಿ.ಮೀ. ಓಡಿದ ಮೇಲೆ ಮಣಿಪಾಲದ ಆಸ್ಪತ್ರೆಗೆ ಒಂದು ತುರ್ತು ಬಾಡಿಗೆ ಬಂದರೆ ಹೋಗಿ ಬರುವುದಕ್ಕೇ 70 ಕಿ.ಮೀ.ಗೂ ಹೆಚ್ಚು ಬೇಕು. ಇಂಥ ಬಾಡಿಗೆಯನ್ನು ಬಿಟ್ಟರೆ ಹಣವಷ್ಟೇ ಹೋಗುವುದಿಲ್ಲ, ಊರಿನವರು ಆ ಚಾಲಕರ ಮೇಲೆ ಇಟ್ಟ ಭರವಸೆಯೂ ಹೋಗುತ್ತದೆ. ದಾರಿಯಲ್ಲಿ ಚಾರ್ಜ್ ಮಾಡಬಹುದಲ್ಲ ಎನ್ನುವವರು ಒಂದು ತಾಂತ್ರಿಕ ಸಂಗತಿಯನ್ನು ಗಮನಿಸಬೇಕು. ಹೆದ್ದಾರಿ ಬದಿಯ ವೇಗದ ಚಾರ್ಜರ್‌ಗಳು ಕಾರುಗಳ ಹೆಚ್ಚಿನ ವೋಲ್ಟೇಜಿಗೆ ಮಾಡಿದವು. 48 ವೋಲ್ಟ್ ಆಸುಪಾಸಿನ ರಿಕ್ಷಾ ಬ್ಯಾಟರಿಗೆ ಅವು ಹೊಂದುವುದಿಲ್ಲ, ಅದಕ್ಕೆ ಬೇಕಾದದ್ದು 15 ಆಂಪಿಯರಿನ ಸಾದಾ ಪ್ಲಗ್ ಮತ್ತು ನಾಲ್ಕು ಗಂಟೆಯ ಬಿಡುವು. ಇನ್ನೂ ದೊಡ್ಡ ಬ್ಯಾಟರಿಯ ಮಾದರಿಗಳು ಈಗ ಬಂದಿವೆ ನಿಜ, ಆದರೆ ಬ್ಯಾಟರಿ ಬೆಳೆದಷ್ಟೂ ಮೊದಲ ದಿನದ ಸಾಲವೂ ಬೆಳೆಯುತ್ತದೆ. ಆದ್ದರಿಂದ ಕಾರ್ಕಳದ ಹಳ್ಳಿ ಬದಿಯಲ್ಲಿ ಒಂದೇ ರಿಕ್ಷಾದಿಂದ ಸಂಸಾರ ನಡೆಸುವವರಿಗೆ ಇಂದಿನ ಮಟ್ಟಿಗೆ ಗ್ಯಾಸೇ ಹೊಂದುತ್ತದೆ ಎಂದು ನಾನು ಹೇಳುತ್ತೇನೆ. ಕಾಪುವಿನಲ್ಲಿ ಸ್ಟ್ಯಾಂಡ್ ನೋಡಿ ತೀರ್ಮಾನಿಸಬೇಕು. ಮಾರಿಗುಡಿ, ದೀಪಸ್ತಂಭದ ಕಡಲತೀರ, ಪೇಟೆ ಎಂದು ಓಡುವವರಿಗೆ ಕರೆಂಟ್ ಸರಿ. ಶಿರ್ವ, ಪಡುಬಿದ್ರಿ, ಉಡುಪಿ ಎಂದು ದೂರದ ದಾರಿ ಹಿಡಿಯುವವರು ತಮ್ಮ ದಿನದ ಕಿಲೋಮೀಟರ್ ಬರೆದಿಟ್ಟು ನೋಡಬೇಕು.

ಹಾಗೆಂದು ಗ್ಯಾಸಿನ ದಾರಿ ನಿಶ್ಚಿಂತೆಯದ್ದೇನೂ ಅಲ್ಲ. ಕೊಚ್ಚಿಯಿಂದ ಮಂಗಳೂರಿಗೆ ಸುಮಾರು 450 ಕಿ.ಮೀ. ಉದ್ದದ ಕೊಳವೆ ಮಾರ್ಗ 2021ರ ಜನವರಿ 5ರಂದು ಉದ್ಘಾಟನೆಯಾದ ಮೇಲೆ ಕರಾವಳಿಯಲ್ಲಿ ಸಿಎನ್‌ಜಿ ವಾಹನಗಳು ಬೇಗ ಹೆಚ್ಚಿದವು. ಬಂಕ್‌ಗಳು ಅಷ್ಟು ಬೇಗ ಹೆಚ್ಚಲಿಲ್ಲ. ಗ್ಯಾಸಿಗಾಗಿ ಸಾಲುಗಟ್ಟಿ ನಿಂತ ರಿಕ್ಷಾಗಳ ಸುದ್ದಿ ನಮ್ಮ ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಬಂದಿದೆ. ಕೊಳವೆ ಮುಟ್ಟದ ಬಂಕಿಗೆ ಸಿಲಿಂಡರ್‌ಗಳ ಗುಚ್ಛವನ್ನು ಲಾರಿಯಲ್ಲಿ ತರಬೇಕು. ವಾಹನಗಳಿಗೆ ತುಂಬುತ್ತಾ ಹೋದಂತೆ ಗುಚ್ಛದ ಒತ್ತಡ ಇಳಿಯುತ್ತದೆ, 200 ಬಾರ್ ಒತ್ತಡದಲ್ಲಿ ತುಂಬಬೇಕಾದ ಟ್ಯಾಂಕ್ ಅರ್ಧಂಬರ್ಧ ತುಂಬುತ್ತದೆ, ಚಾಲಕರು ಮತ್ತೆ ಬೇಗ ಸಾಲಿಗೆ ಬರಬೇಕಾಗುತ್ತದೆ. ಸಾಲಿನಲ್ಲಿ ಕಳೆದ ಒಂದು ಗಂಟೆ ಯಾವ ಮೈಲೇಜ್ ಲೆಕ್ಕದಲ್ಲೂ ಬರುವುದಿಲ್ಲ, ಆದರೆ ಅದು ಎರಡು ಮೂರು ಬಾಡಿಗೆಯ ಹಣ. ಮೂರು ವರ್ಷಕ್ಕೊಮ್ಮೆ ಸಿಲಿಂಡರಿನ ಒತ್ತಡ ಪರೀಕ್ಷೆ ಮಾಡಿಸುವ ಕಟ್ಟಳೆಯೂ ಇದೆ. ಬಂಕ್‌ಗಳು ಹೆಚ್ಚಾದರೆ ಈ ತೊಂದರೆ ತೀರುತ್ತದೆ ಎಂಬ ಮಾತನ್ನು ಒಪ್ಪೋಣ. ಆಗಲೂ ಗ್ಯಾಸಿನ ಬೆಲೆ ವಿದೇಶದಿಂದ ಬರುವ ದ್ರವೀಕೃತ ಅನಿಲದ ಬೆಲೆಗೆ ಅಂಟಿಕೊಂಡೇ ಇರುತ್ತದೆ. ಕೊಚ್ಚಿಯ ಕೊಳವೆಯ ಬುಡದಲ್ಲಿರುವುದು ಆಮದು ಅನಿಲದ ಟರ್ಮಿನಲ್. ವಿದ್ಯುತ್ ದರವೂ ಏರುತ್ತದೆ, ಆದರೆ ಮೂಲ ದರ ಬಹಿರಂಗ ವಿಚಾರಣೆ ನಡೆದು ಏರುತ್ತದೆ. ಕಿಲೋಮೀಟರಿಗೆ 63 ಪೈಸೆಯ ಖರ್ಚು ಅರ್ಧದಷ್ಟು ಏರಿದರೂ ಒಂದು ರೂಪಾಯಿ ಮುಟ್ಟುವುದಿಲ್ಲ.

ಬ್ಯಾಟರಿ ಸತ್ತರೆ ಏನು ಗತಿ ಎಂಬುದು ಎಲ್ಲಕ್ಕಿಂತ ಗಟ್ಟಿಯಾದ ಆಕ್ಷೇಪ, ಅದನ್ನು ಹಗುರವಾಗಿ ತಳ್ಳಿಹಾಕುವುದು ಅನ್ಯಾಯ. ಲಿಥಿಯಂ ಬ್ಯಾಟರಿ ಒಂದೇ ದಿನದಲ್ಲಿ ನಿಲ್ಲುವುದು ಅಪರೂಪ, ಅದರ ಶಕ್ತಿ ವರ್ಷದಿಂದ ವರ್ಷಕ್ಕೆ ಕುಗ್ಗುತ್ತದೆ. ಹೊಸದರಲ್ಲಿ 90 ಕಿ.ಮೀ. ಕೊಟ್ಟದ್ದು ಕೆಲವು ವರ್ಷಗಳ ಮೇಲೆ 70ಕ್ಕೆ ಇಳಿಯಬಹುದು. ದಿನಕ್ಕೆ 60 ಕಿ.ಮೀ. ಓಡುವವರಿಗೆ ಆ 70 ಕೂಡ ಸಾಕು, 85 ಕಿ.ಮೀ. ಓಡುವವರಿಗೆ ಮಾತ್ರ ಅದು ಅಪಾಯ. ಇಲ್ಲಿಯೂ ತೀರ್ಪು ದಿನದ ಓಟದ್ದೇ. ಹೊಸ ಬ್ಯಾಟರಿಗೆ ಬೇಕಾದ ದೊಡ್ಡ ಮೊತ್ತವನ್ನು ಉಳಿತಾಯದಿಂದಲೇ ಕೂಡಿಡಬೇಕು. ಗ್ಯಾಸಿನವರು ದಿನವೂ ಬಂಕಿಗೆ ಕೊಡುವ ಹಣದಲ್ಲಿ ನೂರು ರೂಪಾಯಿಯನ್ನು ಕರೆಂಟಿನವರು ಸೊಸೈಟಿಯ ಪಿಗ್ಮಿ ಖಾತೆಗೆ ಹಾಕಿದರೆ ನಾಲ್ಕು ವರ್ಷಕ್ಕೆ ಬಡ್ಡಿ ಬಿಟ್ಟೇ ಒಂದೂಕಾಲು ಲಕ್ಷ ಸೇರುತ್ತದೆ. ಪಿಗ್ಮಿ ಠೇವಣಿಗೆ ಹೆಸರಾದ ಸಿಂಡಿಕೇಟ್ ಬ್ಯಾಂಕ್ ಹುಟ್ಟಿದ ಜಿಲ್ಲೆಗೆ ಈ ಶಿಸ್ತು ಹೊಸದೇನಲ್ಲ. ಅದನ್ನು ಪಾಲಿಸದೆ ಉಳಿತಾಯವನ್ನೆಲ್ಲ ಮನೆಖರ್ಚಿಗೆ ಬಳಸುವ ಸ್ಥಿತಿ ಇದ್ದರೆ ಕರೆಂಟ್ ರಿಕ್ಷಾ ಐದನೇ ವರ್ಷದಲ್ಲಿ ಸಾಲದ ಬಲೆಯಾದೀತು. ಮರುಮಾರಾಟದ ಬೆಲೆಯೂ ಸದ್ಯಕ್ಕೆ ಗ್ಯಾಸ್ ರಿಕ್ಷಾದ ಪರವಾಗಿದೆ, ಹಳೆಯ ಎಂಜಿನ್ನಿನ ಯೋಗ್ಯತೆಯನ್ನು ಊರಿನ ಮೆಕ್ಯಾನಿಕ್ ಕಿವಿಗೊಟ್ಟು ಹೇಳಬಲ್ಲರು, ಹಳೆಯ ಬ್ಯಾಟರಿಯದ್ದನ್ನು ಹೇಳಲು ಯಂತ್ರವೇ ಬೇಕು.

ಮಳೆಯ ಮಾತು ಬಾರದೆ ಕರಾವಳಿಯ ಯಾವ ಲೆಕ್ಕವೂ ಪೂರ್ಣವಾಗದು. ವರ್ಷಕ್ಕೆ 4,000 ಮಿ.ಮೀ. ಆಸುಪಾಸು ಮಳೆ ಸುರಿಯುವ ನಾಡಿನಲ್ಲಿ ಬ್ಯಾಟರಿ ವಾಹನ ಸುರಕ್ಷಿತವೇ ಎಂಬ ಪ್ರಶ್ನೆ ಸಹಜ. ಬೆಂಕಿ ಅವಘಡಗಳ ನಂತರ ಬ್ಯಾಟರಿ ಪರೀಕ್ಷೆಯ ಎಐಎಸ್-156 ನಿಯಮವನ್ನು ಕೇಂದ್ರ ಸರ್ಕಾರ 2022ರ ಡಿಸೆಂಬರಿನಿಂದ ಹಂತಹಂತವಾಗಿ ಬಿಗಿಗೊಳಿಸಿತು. ಒಳ್ಳೆಯ ಕಂಪನಿಗಳ ಬ್ಯಾಟರಿ ಪೆಟ್ಟಿಗೆಗೆ ನೀರು ಇಳಿಯದಂತೆ ಮುದ್ರೆ ಇರುತ್ತದೆ. ಹೆಚ್ಚಿನ ಎಚ್ಚರ ಬೇಕಾದದ್ದು ಮನೆಯ ಪ್ಲಗ್ಗಿನ ಬಳಿ. ಸರಿಯಾದ ಅರ್ಥಿಂಗ್ ಇಲ್ಲದ ಹಳೆಯ ವಯರಿಂಗ್, ಸೋರುವ ಮಾಡಿನ ಕೆಳಗೆ ಎಳೆದ ಎಕ್ಸ್‌ಟೆನ್ಷನ್ ವಯರು, ಗುಡುಗು ಮಿಂಚಿನ ಹೊತ್ತಿನಲ್ಲಿ ಹಾಗೆಯೇ ಬಿಟ್ಟ ಚಾರ್ಜರ್, ಇವು ಅಪಾಯದ ಮೂಲಗಳು. ಕಡಲ ಬದಿಯ ಕಾಪು, ಉಚ್ಚಿಲಗಳಲ್ಲಿ ಉಪ್ಪುಗಾಳಿ ತಾಮ್ರದ ಜೋಡಣೆಗಳನ್ನು ತಿನ್ನುವುದರಿಂದ ಮಳೆಗಾಲಕ್ಕೆ ಮುಂಚೆ ಕನೆಕ್ಟರ್‌ಗಳನ್ನು ಪರೀಕ್ಷಿಸಿಕೊಳ್ಳಬೇಕು. ಕರೆಂಟ್ ಹೋದರೆ ಎಂಬ ಆಕ್ಷೇಪಕ್ಕೆ ಪೇಟೆಯಲ್ಲಿ ಉತ್ತರ ಸುಲಭ, ರಾತ್ರಿಯ ಹತ್ತು ಗಂಟೆಗಳಲ್ಲಿ ನಾಲ್ಕು ಗಂಟೆ ಕರೆಂಟ್ ಇದ್ದರೆ ಸಾಕು. ಆದರೆ ಜುಲೈ ತಿಂಗಳ ಗಾಳಿಮಳೆಗೆ ಮರ ಬಿದ್ದು ತಂತಿ ಕಡಿದಾಗ ಕಾಡಂಚಿನ ಊರುಗಳಲ್ಲಿ ಒಂದೆರಡು ದಿನ ಕತ್ತಲೆ ಇರುವುದುಂಟು. ಕಾರ್ಕಳದ ಒಳನಾಡಿಗೆ ಗ್ಯಾಸನ್ನು ಹೇಳಲು ಇದು ಎರಡನೆಯ ಕಾರಣ.

ಪರಿಸರದ ಮಾತಿಗೆ ನಮ್ಮ ಜಿಲ್ಲೆಯವರು ಬೇರೆಯವರಿಗಿಂತ ಚುರುಕಾದ ಪ್ರಶ್ನೆ ಕೇಳಬಲ್ಲರು. ಕಾಪು ತಾಲ್ಲೂಕಿನ ಎಲ್ಲೂರಿನಲ್ಲಿ ಆಮದು ಕಲ್ಲಿದ್ದಲು ಸುಡುವ 1,200 ಮೆಗಾವಾಟಿನ ಸ್ಥಾವರ ಕಣ್ಣೆದುರಿಗೇ ಇದೆ. ರಿಕ್ಷಾದ ಹೊಗೆಯನ್ನು ಅಲ್ಲಿನ ಚಿಮಣಿಗೆ ವರ್ಗಾಯಿಸಿದರೆ ಸಾಧಿಸಿದ್ದೇನು ಎಂಬ ಪ್ರಶ್ನೆಗೆ ನೇರ ಉತ್ತರ ಬೇಕು. ಒಂದು ಕೆ.ಜಿ. ಸಿಎನ್‌ಜಿ ಉರಿದರೆ ಸುಮಾರು 2.75 ಕೆ.ಜಿ. ಇಂಗಾಲದ ಡೈಆಕ್ಸೈಡ್ ಹೊರಬರುತ್ತದೆ, ಅಂದರೆ ಕಿಲೋಮೀಟರಿಗೆ 90 ಗ್ರಾಂ ಚಿಲ್ಲರೆ. ದೇಶದ ವಿದ್ಯುತ್ ಜಾಲದಲ್ಲಿ ಒಂದು ಯೂನಿಟ್ಟಿಗೆ ಸರಾಸರಿ 0.7 ಕೆ.ಜಿ.ಯಷ್ಟು ಹೊರಬರುತ್ತದೆ. ಸಾಗಣೆಯ ನಷ್ಟವನ್ನೂ ಸೇರಿಸಿದರೆ ಕರೆಂಟ್ ರಿಕ್ಷಾದ ಪಾಲು ಕಿಲೋಮೀಟರಿಗೆ 70 ಗ್ರಾಂ ಆಸುಪಾಸು. ಬರೀ ಕಲ್ಲಿದ್ದಲಿನ ಕರೆಂಟಾದರೆ ಎರಡೂ ಹೆಚ್ಚು ಕಡಿಮೆ ಸಮ. ಕರ್ನಾಟಕದಲ್ಲಿ ಪಾವಗಡದ ಸೌರಶಕ್ತಿ, ಗಾಳಿ ಗಿರಣಿಗಳು, ಶರಾವತಿ, ನಮ್ಮ ವಾರಾಹಿಯ 460 ಮೆಗಾವಾಟಿನ ಜಲವಿದ್ಯುತ್ ಸೇರಿರುವುದರಿಂದ ಲಾಭ ಇದೆ. ಆದರೆ ಸೌರ ವಿದ್ಯುತ್ ಸಿಗುವುದು ಹಗಲಿನಲ್ಲಿ, ರಿಕ್ಷಾ ಚಾರ್ಜ್ ಆಗುವುದು ರಾತ್ರಿ. ಮಧ್ಯಾಹ್ನ ಬಾಡಿಗೆ ಕಡಿಮೆ ಇರುವ ಹೊತ್ತಿನಲ್ಲಿ ಸ್ಟ್ಯಾಂಡಿನಲ್ಲೇ ಚಾರ್ಜ್ ಮಾಡುವಂತಾದರೆ ಈ ಲಾಭ ಇನ್ನಷ್ಟು ಹೆಚ್ಚುತ್ತದೆ. ಇದಲ್ಲದೆ ಹೊಗೆ, ಸದ್ದು ಎಲ್ಲಿ ಹೊಮ್ಮುತ್ತದೆ ಎಂಬುದೂ ಮುಖ್ಯ. ಆಸ್ಪತ್ರೆಯ ಬಾಗಿಲಿಗೂ ರಥಬೀದಿಯ ಇಕ್ಕಟ್ಟಿಗೂ ಹೊಗೆಯಿಲ್ಲದ ವಾಹನದ ಬೆಲೆ ಗ್ರಾಂ ಲೆಕ್ಕಕ್ಕಿಂತ ದೊಡ್ಡದು. ಅದೇ ಹೊತ್ತಿಗೆ ಎಲ್ಲೂರಿನವರು ಆ ಬೆಲೆಯನ್ನು ತೆರುವಂತಾಗಬಾರದು ಎಂಬ ನ್ಯಾಯವನ್ನೂ ಮರೆಯಬಾರದು.

ಕೊನೆಯ ತೊಡಕು ಕಾನೂನಿನದು. 2018ರ ಅಕ್ಟೋಬರಿನಲ್ಲಿ ಕೇಂದ್ರ ಸಾರಿಗೆ ಸಚಿವಾಲಯ ಬ್ಯಾಟರಿ ವಾಹನಗಳಿಗೆ ಪರ್ಮಿಟ್ ಬೇಕಿಲ್ಲ ಎಂದು ಅಧಿಸೂಚನೆ ಹೊರಡಿಸಿತು. ಗ್ಯಾಸ್ ರಿಕ್ಷಾದವರು ಪರ್ಮಿಟ್ ಪಡೆದು, ತಮ್ಮ ವಲಯದೊಳಗೆ, ಸ್ಟ್ಯಾಂಡಿನ ಸರದಿಗೆ ಕಾದು ದುಡಿಯುವಾಗ ಪಕ್ಕದಲ್ಲಿ ಪರ್ಮಿಟ್ ಇಲ್ಲದವರು ಎಲ್ಲಿ ಬೇಕಾದರೂ ಬಾಡಿಗೆ ಹಿಡಿದರೆ ಅಸಮಾಧಾನ ಹುಟ್ಟದೆ ಇರುತ್ತದೆಯೇ? ಕರಾವಳಿಯಲ್ಲಿ ಈ ವಿಷಯಕ್ಕೆ ಪ್ರತಿಭಟನೆಗಳೂ ನಡೆದಿವೆ. ಹೊಸ ತಂತ್ರಜ್ಞಾನಕ್ಕೆ ಉತ್ತೇಜನ ಕೊಡುವ ಉದ್ದೇಶ ಒಳ್ಳೆಯದೇ ಆದರೂ ಅದರ ಭಾರ ಪಕ್ಕದ ಬಡವರ ತಟ್ಟೆಯ ಮೇಲೆ ಬೀಳಬಾರದು. ಕರೆಂಟ್ ರಿಕ್ಷಾ ಕೊಳ್ಳುವವರೂ ಪರ್ಮಿಟ್ ವಿನಾಯಿತಿಯನ್ನೇ ನಂಬಿ ಕೊಳ್ಳಬಾರದು. ಅಧಿಸೂಚನೆಯೊಂದು ಕೊಟ್ಟದ್ದನ್ನು ಇನ್ನೊಂದು ಅಧಿಸೂಚನೆ ಹಿಂತೆಗೆದುಕೊಳ್ಳಬಹುದು. ಹೊಂದುವ ಓಟ, ಮನೆಯಲ್ಲಿ ಪ್ಲಗ್, ಸ್ಟ್ಯಾಂಡಿನಲ್ಲಿ ಒಪ್ಪಿಗೆ ಈ ಮೂರೂ ಇದ್ದಾಗ ಮಾತ್ರ ಆಯ್ಕೆ ಗಟ್ಟಿ.

ಆದ್ದರಿಂದ ಹೊಸ ವಾಹನ ತೆಗೆಯುವವರು ಮಾಡಬೇಕಾದ ಮೊದಲ ಕೆಲಸ ಈಗ ಓಡಿಸುತ್ತಿರುವ ರಿಕ್ಷಾದ ಮೀಟರನ್ನು ಒಂದು ತಿಂಗಳು ಬೆಳಿಗ್ಗೆ, ರಾತ್ರಿ ಬರೆದಿಡುವುದು. ಸರಾಸರಿ 60ರಿಂದ 90ರೊಳಗಿದ್ದು, ಅತಿ ಉದ್ದದ ದಿನವೂ 90 ದಾಟದಿದ್ದರೆ, ರಾತ್ರಿ ಸ್ವಂತ ಅಂಗಳದಲ್ಲಿ ಅರ್ಥಿಂಗ್ ಇರುವ ಪ್ಲಗ್ ಇದ್ದರೆ ಕರೆಂಟ್ ತೆಗೆಯಲು ಹಿಂಜರಿಯಬೇಕಾಗಿಲ್ಲ. ಉಡುಪಿ, ಮಣಿಪಾಲದ ಸ್ಟ್ಯಾಂಡುಗಳಲ್ಲಿ ದುಡಿಯುವ ಅನೇಕರು ಈ ಚೌಕಟ್ಟಿಗೆ ಬರುತ್ತಾರೆ. ಬಾಡಿಗೆ ಮನೆಯ ಮೇಲಂತಸ್ತಿನಲ್ಲಿದ್ದು ರಸ್ತೆ ಬದಿಯಲ್ಲಿ ವಾಹನ ನಿಲ್ಲಿಸುವವರಿಗೆ ಓಟ ಸರಿಹೊಂದಿದರೂ ಪ್ಲಗ್ ಸಿಗುವುದಿಲ್ಲ, ಅವರ ಕೊರತೆಯನ್ನು ಅವರೇ ತುಂಬಿಕೊಳ್ಳಲಾರರು. ಇಲ್ಲಿ ನಗರಸಭೆ, ಪುರಸಭೆ ಮತ್ತು ಮೆಸ್ಕಾಂಗೆ ಕೆಲಸವಿದೆ. ಕೋಟಿಗಟ್ಟಲೆಯ ವೇಗದ ಚಾರ್ಜರ್ ಬೇಡ, ದೊಡ್ಡ ಸ್ಟ್ಯಾಂಡುಗಳಲ್ಲಿ ಮಾಡು, ಮೀಟರ್, ಕೆಲವು 15 ಆಂಪಿಯರ್ ಪ್ಲಗ್ಗುಗಳು ಸಾಕು. ಕಾರ್ಕಳ ಮತ್ತು ಮಣಿಪಾಲದ ಆಸ್ಪತ್ರೆಗಳ ಬಳಿ ಅಂಥ ಪ್ಲಗ್ಗುಗಳು ಬಂದ ದಿನ, ಒಳನಾಡಿಗೆ ಗ್ಯಾಸೇ ಸರಿ ಎಂಬ ನನ್ನ ಮಾತೂ ಬಹುಪಾಲು ಬಿದ್ದುಹೋಗುತ್ತದೆ. ಅಲ್ಲಿಯವರೆಗೆ ಗ್ಯಾಸ್ ಉಳಿಸಿಕೊಂಡವರನ್ನು ಹಿಂದುಳಿದವರೆಂದು ಯಾರೂ ಹೀಗಳೆಯಬಾರದು. ಹಗಲಿಡೀ ದುಡಿದರೂ ತಪ್ಪು ಲೆಕ್ಕವೊಂದರ ನಷ್ಟವನ್ನು ತಾಳಿಕೊಳ್ಳಲಾರದವರ ಆಯ್ಕೆ ಅದು. ಅವರ ಆಯ್ಕೆ ಬದಲಾಗಬೇಕೆಂದರೆ ಮೊದಲು ಬದಲಾಗಬೇಕಾದದ್ದು ಸ್ಟ್ಯಾಂಡಿನ ಸೌಕರ್ಯ.